ನಿಮಗೇನು, ಇಲ್ಲೇ ಇರುತ್ತೀರಿ

ಮನೆ ಖಾಲಿ ಮಾಡುವ ಕೆಲಸವನ್ನು ಸಜ್ಜಾದಿಂದ ಶುರು ಮಾಡಬೇಕು ಎಂದು ಪಕ್ಕದ ಮನೆಯವರು ಹೇಳಿದ್ದನ್ನು ಕೇಳಿ ನಾನು ಕೆಟ್ಟೆ. ಬಾಗಿಲ ಮೇಲಿನ ಆ ಸಿಮೆಂಟಿನ ಹಲಗೆಗೆ ಮೂವತ್ತು ವರ್ಷ ಏನೇನು ಏರಿಸಿದ್ದೆವೋ ನಮಗೇ ನೆನಪಿಲ್ಲ. ನಿನ್ನೆ ಸ್ಟೂಲು ಹಾಕಿಕೊಂಡು ಹತ್ತಿದೆ. ಕೈ ಹಾಕಿದರೆ ಹಿಡಿ ಮುರಿದ ಕುಕ್ಕರು ಬಂತು, ಮಗಳ ತೊಟ್ಟಿಲಿನ ಹಗ್ಗ ಬಂತು, ಯಾವ ಬೀಗಕ್ಕೂ ಸೇರದ ಕೀಲಿಕೈಗಳ ಡಬ್ಬಿ ಬಂತು. ಕೊನೆಗೆ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಎರಡು ರೇನ್‌ಕೋಟು, ಒಂದು ನೀಲಿ, ಒಂದು ಕೆಂಪು. ಅಂಗಡಿಯವನು ಹೊಡೆದ ಪಿನ್ನು ಕೂಡ ಹಾಗೇ ಇದೆ. ಬಿಡಿಸಲು ಹೋದರೆ ಮಡಿಕೆಗೆ ಮಡಿಕೆ ಅಂಟಿಕೊಂಡು ಚರ್ರೆಂದು ಹರಿಯಿತು.

ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ನಮ್ಮವರು ಕತ್ತೆತ್ತಿ ನೋಡಿ, "ಇವು ಯಾಕ್ ತಂದಿದ್ವಿ?" ಎಂದು ಕೇಳಿದರು.

ನೋಡಿ, ಇದಕ್ಕೇ ನನಗೆ ಮೈ ಉರಿಯುವುದು. ಯಾಕೆ ತಂದಿದ್ದೆವು ಎಂಬುದನ್ನೇ ಅವರು ಮರೆತಿದ್ದಾರೆ. "ನನ್ನ ಹೆಣಕ್ಕ ಹೊಚ್ಚಲಾಕ" ಅಂದೆ. ಅವರು ನಕ್ಕರು. ಏನಂದರೂ ನಗುವ ಮನುಷ್ಯನ ಜೊತೆ ನೆಟ್ಟಗೆ ಒಂದು ಜಗಳ ಆಡಲಿಕ್ಕೂ ಬರುವುದಿಲ್ಲ.

ಇದನ್ನೆಲ್ಲ ಇಷ್ಟು ಧೈರ್ಯವಾಗಿ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮವರಿಗೆ ಕನ್ನಡ ಓದಲು ಬಾರದು. ಭಾಲ್ಕಿಯವರು, ಮನೆಯಲ್ಲಿ ಆಡುವುದು ಕನ್ನಡ, ಕಲಿತದ್ದು ಮರಾಠಿ ಶಾಲೆ. ನಾನು ಔರಾದದವಳು, ಕನ್ನಡ ಶಾಲೆಯವಳು. ಮದುವೆಯಾಗಿ ಈ ಛತ್ರಪತಿ ಸಂಭಾಜಿನಗರಕ್ಕೆ ಬಂದಾಗ ನನಗೆ ಮರಾಠಿಯಲ್ಲಿ ಉಪ್ಪು ಕೇಳಲಿಕ್ಕೂ ಬರುತ್ತಿರಲಿಲ್ಲ. ಊರಿನ ಹೆಸರು ಬದಲಾಗಿದ್ದರೂ ಭಾಲ್ಕಿಯ ಕಡೆಯವರ ಬಾಯಲ್ಲಿ ಅದಿನ್ನೂ ಔರಂಗಾಬಾದೇ. ನಮ್ಮವರು ವಾಳೂಜಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡಿ ಈ ಬೇಸಿಗೆಯಲ್ಲಿ ನಿವೃತ್ತರಾದರು. ದಸರೆಯಾದ ಮೇಲೆ ಬಾಡಿಗೆ ಮನೆ ಬಿಟ್ಟು ಭಾಲ್ಕಿಗೆ ಹೋಗಿ ಇರುವುದೆಂದು ನಿಶ್ಚಯವಾಗಿದೆ.

ಒಂದು ಸಂಸಾರ ಮನೆ ಮಾಡಬಾರದ ಜಾಗ ಯಾವುದಾದರೂ ಇದ್ದರೆ, ಅದು ಎರಡು ಜ್ಯೋತಿರ್ಲಿಂಗಗಳ ನಡುವಿನ ಜಾಗ. ದೇವರ ಮೇಲೆ ನನ್ನ ತಕರಾರಿಲ್ಲ. ನಾವು ಬರುವುದಕ್ಕಿಂತ ಮೊದಲೇ ಅವನು ಇಲ್ಲಿದ್ದ. ಆದರೆ ಮನೆಯಿಂದ ಹೊರಟರೆ ಈ ಕಡೆ ವೇರುಳದ ಘೃಷ್ಣೇಶ್ವರ, ಆ ಕಡೆ ನಾಸಿಕದ ತ್ರ್ಯಂಬಕೇಶ್ವರ, ನಡುವೆ ಶಿರಡಿ, ಅಲ್ಲೇ ಹಾದಿಯಲ್ಲಿ ಶನಿದೇವರು. ಬೀದರ ಜಿಲ್ಲೆಯಲ್ಲಿ ಯಾರಿಗೆ ಭಕ್ತಿ ಉಕ್ಕಿದರೂ ಅವರು ಮೊದಲು ಕೇಳುವ ಪ್ರಶ್ನೆ, "ಔರಂಗಾಬಾದದಾಗ ನಮ್ಮವರು ಯಾರರ ಇದ್ದಾರೇನು?" ಇದ್ದೆವು ನಾವು. ಎರಡು ಖೋಲಿ, ಒಂದು ಅಡುಗೆಮನೆ, ಒಂದು ಬಚ್ಚಲು. ಅದರಲ್ಲಿ ಕ್ರೂಜರ್ ಗಾಡಿಯ ತುಂಬ ಬಂದ ಜನ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ರೊಟ್ಟಿ ತಿಂದು, ಬುತ್ತಿ ಕಟ್ಟಿಸಿಕೊಂಡು ಹೊರಡುತ್ತಿದ್ದರು.

ಬಂದವರು ನಮ್ಮನ್ನು ಬಿಟ್ಟು ಹೋಗುತ್ತಿರಲಿಲ್ಲ, ಅದನ್ನೂ ಹೇಳಬೇಕು. ಹಾದಿ ಬಲ್ಲವರು ಬೇಕಲ್ಲ. ದೌಲತಾಬಾದಿನ ಕೋಟೆಯನ್ನು ಅವರು ಹತ್ತಿ ಇಳಿಯುವ ತನಕ ನಾನು ಕೆಳಗೆ ಪೇರಲಹಣ್ಣು ಮಾರುವವಳ ಪಕ್ಕ ಅವರ ಮಕ್ಕಳನ್ನು ಆಡಿಸುತ್ತ ಕೂತಿರುತ್ತಿದ್ದೆ. ತ್ರ್ಯಂಬಕದಲ್ಲಂತೂ ನನ್ನ ಜಾಗ ಕಾಯಂ. ಗಾಡಿಯಿಂದ ಇಳಿದ ಕೂಡಲೇ ಎಲ್ಲರೂ ಚಪ್ಪಲಿ ಬಿಟ್ಟು, ಚೀಲ, ಮೊಬೈಲು, ಬೆಲ್ಟು ಎಲ್ಲ ನನ್ನ ಮುಂದೆ ಗುಡ್ಡೆ ಹಾಕುತ್ತಿದ್ದರು. "ನೀವು ನೋಡೀರಲ. ನಿಮಗೇನ್ರಿ, ಇಲ್ಲೇ ಇರ್ತೀರಿ. ಯಾವಾಗರ ನೋಡ್ಬಹುದು." ಈ ಮಾತನ್ನು ಎಷ್ಟು ಬಾಯಲ್ಲಿ ಕೇಳಿದ್ದೇನೋ. ನಮ್ಮವರು ಮುದುಕರ ಕೈ ಹಿಡಿದು ಸರದಿಯಲ್ಲಿ ನಿಲ್ಲುತ್ತಿದ್ದರು, ನಾನು ಚಪ್ಪಲಿ ಕಾಯುತ್ತಿದ್ದೆ. ಪರಿಚಯವಿಲ್ಲದವರೂ ಕೆಲವರು ನನ್ನ ಮುಂದೆ ಚಪ್ಪಲಿ ಬಿಟ್ಟು, ಎಷ್ಟು ಕೊಡಬೇಕು ಎಂದು ಮರಾಠಿಯಲ್ಲಿ ಕೇಳಿದ್ದುಂಟು.

ಆ ಊರಿನಲ್ಲಿ ದೇವಸ್ಥಾನದ ಬೆನ್ನಿಗೇ ಬ್ರಹ್ಮಗಿರಿ ಬೆಟ್ಟ. ಮಳೆಗಾಲದಲ್ಲಿ ಅರ್ಧ ಬೆಟ್ಟ ಮೋಡದೊಳಗೆ ಇರುತ್ತದೆ. ಮೋಡ ಒಂದಿಷ್ಟು ಸರಿದಾಗ ಕಪ್ಪು ಕಲ್ಲಿನ ಮೇಲೆ ಬಿಳಿಯ ಗೆರೆಗಳು ಕಾಣುತ್ತವೆ. ಅವು ನೀರು. ಅಷ್ಟು ದೂರದಿಂದ ಸದ್ದಿಲ್ಲ, ಅಲುಗಾಟವಿಲ್ಲ, ಸುಮ್ಮನೆ ಗೆರೆ. ಒಂದು ಸಲ ನನ್ನ ಜೊತೆ ಕೂತಿದ್ದ ಹೆಂಗಸಿಗೆ, "ಅಲ್ಲಿ ನೋಡ್ರಿ, ನೀರ್ ಬೀಳ್ಲಾಕತ್ತದ" ಎಂದು ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, "ಹೊಗಿ ಇರಬೇಕ್ರಿ, ಯಾರೋ ಅಡಗಿ ಮಾಡ್ಲಾಕತ್ತಾರ" ಅಂದಳು. ನಾನು ಮತ್ತೆ ಚಪ್ಪಲಿ ಕಡೆ ತಿರುಗಿದೆ.

ಅಷ್ಟು ಎತ್ತರದಿಂದ ನೀರು ಬೀಳುವುದನ್ನು ಹತ್ತಿರದಿಂದ ನೋಡಬೇಕು ಎನ್ನುವ ಹುಚ್ಚು ನನಗೆ ಹತ್ತಿದ್ದು ಔರಾದದ ಶಾಲೆಯಲ್ಲಿ. ಪಾಠದ ಪುಸ್ತಕದಲ್ಲಿ ಒಂದು ಜಲಪಾತದ ಚಿತ್ರ ಇತ್ತು. ಮಾಸ್ತರರು ಅದನ್ನು ಓದಿ ಹೇಳಿ, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದರು. ನಾನು ಎದ್ದು ನಿಂತು, "ಸರ್, ಅಷ್ಟ ನೀರ ಮ್ಯಾಲ ಯಾರ್ ಒಯ್ದು ಹಾಕ್ತಾರ್ರಿ?" ಅಂದೆ. ಇಡೀ ಕ್ಲಾಸು ನಕ್ಕಿತು. ನಗುವಂಥದ್ದೇನಿತ್ತು ಹೇಳಿ. ನಮ್ಮ ಮನೆ ಮಾಳಿಗೆಯ ಮೇಲೆ ಒಂದು ಸಿಮೆಂಟಿನ ಹೌದು, ಎಂದರೆ ನೀರಿನ ತೊಟ್ಟಿ ಇತ್ತು, ಅದಕ್ಕೆ ದಿನಾ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದವಳು ನಾನು. ಮೇಲಿನಿಂದ ನೀರು ಬೀಳಬೇಕಾದರೆ ಮೇಲೆ ಯಾರೋ ಹೊತ್ತು ಹಾಕಿರಬೇಕು. ಯಾರೂ ಹೊರದೆ ತಾನೇ ಸುರಿಯುವ ನೀರು ಎಂದು ಮಾಸ್ತರರು ತಿಳಿಸಿ ಹೇಳಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಅದನ್ನೊಮ್ಮೆ ಕಣ್ಣಾರೆ ನೋಡಬೇಕು ಅನ್ನಿಸಿತು. ಅಷ್ಟೇ. ನಾನು ಕೇಳಿದ್ದು ಬಂಗಾರವಲ್ಲ, ಬೆಂಗಳೂರು ಪ್ಯಾಟಿಯಲ್ಲ.

ಮದುವೆಯಾದ ಹೊಸದರಲ್ಲಿ ಈ ಕಥೆ ಹೇಳಿದಾಗ ನಮ್ಮವರಿಗೆ ಬಹಳ ಖುಷಿಯಾಯಿತು. "ಹುಚ್ಚಿ, ನಾಸಿಕ ದಾಟಿದ್ರ ಎಲ್ಲಾ ಅದೇ. ಇಗತಪುರಿ, ಭಂಡಾರದರಾ... ಈ ಶ್ರಾವಣಕ್ಕ ಕರ್ಕೊಂಡು ಹೋಗ್ತೀನಿ" ಅಂದರು. ಆ ಶ್ರಾವಣ ಹೋಯಿತು. ಆಮೇಲೆ ಪ್ರತಿ ಮಳೆಗಾಲಕ್ಕೂ ಪ್ಲಾನು. ಪ್ಲಾನು ಮಾಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಭಾನುವಾರ ಚಹಾದ ಕಪ್ಪು ಹಿಡಿದು ಕೂತರೆಂದರೆ ಮುಗಿಯಿತು. ನಸುಕಿನಲ್ಲಿ ಮನೆ ಬಿಡಬೇಕು. ಯೇವಲಾದಲ್ಲಿ ಗಾಡಿ ನಿಲ್ಲಿಸಬಾರದು, ನಿಲ್ಲಿಸಿದರೆ ಹೆಂಗಸರು ಸೀರೆ ಅಂಗಡಿ ಹೊಗುತ್ತಾರೆ. ಘೋಟಿಯಲ್ಲಿ ಚಹಾ, ಬಿಸಿ ವಡೆ. ಘೋಟಿ ದಾಟಿದ ಮೇಲೆ ಕಿಟಕಿ ಇಳಿಸಬೇಕು, ಅಲ್ಲಿಂದ ಗಾಳಿಯೇ ಬೇರೆ. ಕೊಡೆ ಒಯ್ಯಬಾರದು, ಗಾಳಿಗೆ ಉಲ್ಟಾ ಆಗುತ್ತದೆ, ರೇನ್‌ಕೋಟೇ ಬೇಕು.

ಇದೆಲ್ಲ ಇವರಿಗೆ ಹೇಗೆ ಗೊತ್ತು ಎಂದರೆ, ಹೋಗಿ ಬಂದವರನ್ನು ಕೇಳಿ ಕೇಳಿ. ಹೊಸಬರು ಇವರನ್ನು ಕೇಳುತ್ತಿದ್ದರು. ಕಾರ್ಖಾನೆಯ ಹುಡುಗರು ಮಳೆಗಾಲ ಬಂತೆಂದರೆ, "ಪಾಟೀಲ ಕಾಕಾ, ಭಂಡಾರದರಾಕ್ಕೆ ಹೇಗೆ ಹೋಗೋದು" ಎಂದು ಬಂದು ನಿಲ್ಲುವರು. ಇವರು ಕಣ್ಣು ಮುಚ್ಚಿ ಹಾದಿ ಹೇಳುವರು. ಅವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋಗಿ, ತೊಯ್ದು ತೊಪ್ಪೆಯಾಗಿ ಬಂದು, ಫೋಟೋ ತೋರಿಸಿ, "ಕಾಕಾ, ನಿಮ್ಮ ಪ್ಲಾನ್ ಏಕದಂ ಪರ್ಫೆಕ್ಟ್" ಎಂದು ಹೋಗುವರು. ಇವರು ಆ ದಿನ ಎರಡು ರೊಟ್ಟಿ ಹೆಚ್ಚಿಗೆ ಉಣ್ಣುವರು. ನಾನು ಆ ರೊಟ್ಟಿ ಬಡಿಯುವಾಗ ಸ್ವಲ್ಪ ಜೋರಾಗಿಯೇ ಬಡಿಯುತ್ತಿದ್ದೆ.

ರೇನ್‌ಕೋಟು ತಂದ ವರ್ಷ ಮಾತ್ರ ನಿಜವಾಗಿಯೂ ಹೊರಟಿದ್ದೆವು. ಪಲ್ಲವಿ, ನಮ್ಮ ಒಬ್ಬಳೇ ಮಗಳು, ಆಗ ಸಣ್ಣವಳು. ಗುಲ್ಮಂಡಿಗೆ ಹೋಗಿ ಎರಡು ಕೋಟು ಕೊಂಡೆವು. ಮಗಳದು ಶಾಲೆಯದೇ ಇತ್ತು. ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿ, ಚೀಲ ಹೆಗಲಿಗೇರಿಸಿ ಗೇಟಿಗೆ ಬಂದಿದ್ದೇವೆ, ಆಟೋ ನಿಂತಿದೆ. ಎದುರಿನಿಂದ ಕ್ರೂಜರ್ ಬಂತು. ಅದರಿಂದ ಭಾಲ್ಕಿಯ ನಮ್ಮ ಭಾವನವರು, ಎಂದರೆ ಇವರ ಅಣ್ಣ, ಇಳಿದರು. ಹಿಂದಿನಿಂದ ಒಬ್ಬೊಬ್ಬರಾಗಿ ಜನ ಇಳಿಯುತ್ತಲೇ ಇದ್ದರು. ಭಾವನವರು ನಮ್ಮ ಚೀಲ ನೋಡಿ, "ಏನ್ ಬಸಣ್ಣ, ನಮ್ಮನ್ ಕರೀಲಾಕ ಸ್ಟ್ಯಾಂಡಿಗೆ ಹೊಂಟಿದ್ರೇನು?" ಎಂದು ಕೇಳಿದರು.

ಇವರು, "ಹೌದಣ್ಣ" ಅಂದರು.

ಚೀಲ ಹೆಗಲಲ್ಲಿ ಇರುವಾಗಲೇ ಅಂದರು. ಪಲ್ಲವಿ ತನ್ನ ರೇನ್‌ಕೋಟು ಹಾಕಿಕೊಂಡೇ ನಿಂತಿದ್ದಳು. ನಾನು ಬೀಗ ತೆಗೆದು ಒಳಗೆ ಹೋಗಿ ಹಿಟ್ಟು ಜರಡಿ ಹಿಡಿದೆ. ಆ ರಾತ್ರಿ ಇವರು ಮೆಲ್ಲಗೆ, "ಮುಂದಿನ ವರ್ಷ ಪಕ್ಕಾ" ಎಂದಾಗ ನಾನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ.

ಹೀಗೆ ಮೂವತ್ತು ವರ್ಷ ಹೋಯಿತು. ಈ ವರ್ಷ ಮಾತ್ರ ನಾನು ಹಟ ಹಿಡಿದೆ. ದಸರೆಯಾದ ಮೇಲೆ ಭಾಲ್ಕಿ. ಅಲ್ಲಿಂದ ಈ ಬೆಟ್ಟಗಳು ಎಷ್ಟು ದೂರ, ಮೊಣಕಾಲು ಎಷ್ಟು ದಿನ ನನ್ನ ಮಾತು ಕೇಳುತ್ತದೆ, ಯಾರು ಬಲ್ಲರು. ಹೋದರೆ ಈ ಮಳೆಗಾಲ, ಇಲ್ಲವಾದರೆ ಇಲ್ಲ. "ಈ ಸಲ ಕರ್ಕೊಂಡು ಹೋಗ್ಲಿಲ್ಲಂದ್ರ ಭಾಲ್ಕಿಗೂ ನಾ ಬರಂಗಿಲ್ಲ, ಮಗಳ ಹತ್ರ ಇರ್ತೀನಿ" ಅಂದೆ. ಆ ಮಾತಿಗೆ ಇವರು ನಗಲಿಲ್ಲ. ಆಗಲೇ ನನಗೆ ಭರವಸೆ ಬಂತು.

ಪಲ್ಲವಿ ಈಗ ನಾಸಿಕದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಅಲ್ಲೇ ಸಣ್ಣ ಮನೆ ಹಿಡಿದಿದ್ದಾಳೆ. ಅವಳೇ ಫೋನಿನಲ್ಲಿ ಭಂಡಾರದರಾದಲ್ಲಿ ಒಂದು ಮನೆಯನ್ನು ಬುಕ್ ಮಾಡಿದಳು. ಕೆರೆಯ ದಂಡೆ, ಎದುರಿಗೇ ಬೆಟ್ಟ, ಹಜಾರದಲ್ಲಿ ಕೂತರೆ ನೀರು ಬೀಳುವುದು ಕಾಣುತ್ತದಂತೆ. ಶ್ರಾವಣ ಸೋಮವಾರವನ್ನೇ ಆರಿಸಿದೆವು. ಆ ದಿನ ಲೋಕವೆಲ್ಲ ತ್ರ್ಯಂಬಕದ ಸರದಿಯಲ್ಲಿರುತ್ತದೆ, ಭಂಡಾರದರಾ ಖಾಲಿ ಇರುತ್ತದೆ ಎಂಬುದು ಇವರ ಲೆಕ್ಕ. ಇನ್ನು ಉಳಿದದ್ದು ನೆಂಟರು. ಅವರನ್ನು ತಡೆಯುವುದು ಹೇಗೆ?

ಉಪಾಯ ಹೇಳಿದವಳು ಪಲ್ಲವಿ. ಅವಳ ಕನ್ನಡ ಅರ್ಧ ದಾರಿಗೆ ಬಂದು ಮರಾಠಿ ಹಿಡಿಯುತ್ತದೆ. "ಮಮ್ಮಿ, ಪಪ್ಪಾಂಚಾ ಆಪರೇಶನ್ ಅದ ಅಂತ ಸಾಂಗ್ರಿ. ಮೋತಿಬಿಂದು. ನಾಸಿಕದಾಗ. ಆಮ್ಯಾಲ ಕೋಣೀ ಬರಂಗಿಲ್ಲ." ಕಣ್ಣಿನ ಪೊರೆಯ ಆಪರೇಷನ್ ಎಂದು ಹೇಳಿಬಿಟ್ಟರೆ ಯಾರು ತಾನೇ ಬಂದು ತೊಂದರೆ ಕೊಡುತ್ತಾರೆ ಎಂಬುದು ಅವಳ ಮಾತು. ಪಾಪ, ಇಲ್ಲಿ ಬೆಳೆದ ಹುಡುಗಿ. ಅವಳ ಗೆಳತಿಯರ ಮನೆಯಲ್ಲಿ ಯಾರಿಗಾದರೂ ಆರಾಮಿಲ್ಲ ಎಂದರೆ ಫೋನಿನಲ್ಲಿ ಒಂದು ಹೂವಿನ ಚಿತ್ರ ಕಳಿಸಿ ಸುಮ್ಮನಾಗುತ್ತಾರೆ. ನಮ್ಮ ಕಡೆಯ ಜನ ಹಾಗಲ್ಲ ಎಂದು ಅವಳಿಗೆ ತಿಳಿಯದಿದ್ದರೆ ಸರಿ. ಅಲ್ಲೇ ಹುಟ್ಟಿ ಬೆಳೆದ ನಮ್ಮಿಬ್ಬರ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ಭಾಲ್ಕಿಯಲ್ಲಿ ಒಬ್ಬರು ಮಲಗಿದರೆ ಹತ್ತು ಊರಿನವರು ಮಾತಾಡಿಸಲು ಬರುತ್ತಾರೆ. ಮದುವೆಗೆ ಬರದಿದ್ದರೂ ನಡೆಯುತ್ತದೆ, ದವಾಖಾನೆಗೆ ಬರದಿದ್ದರೆ ಮುಂದೆ ಮೂರು ತಲೆಮಾರು ಎತ್ತಿ ಆಡುತ್ತಾರೆ. ಪ್ರವಾಸದ ಮರುಳಿನಲ್ಲಿ ನಮಗೆ ಇದು ಹೊಳೆಯಲೇ ಇಲ್ಲ. ಇವರು ಅಣ್ಣನಿಗೆ ಫೋನು ಮಾಡಿ, "ಎಡಗಣ್ಣಿನ ಆಪರೇಷನ್ ಅದಣ್ಣ, ಪಲ್ಲವಿ ಹತ್ರ ನಾಸಿಕದಾಗ ಇರ್ತೀವಿ" ಅಂದರು. ಭಾವನವರು, "ಹೌದಾ? ಕಾಳಜಿ ತಗೋ" ಎಂದು ಫೋನು ಇಟ್ಟರಂತೆ.

ಭಾನುವಾರ ನಾವು ನಾಸಿಕ ಮುಟ್ಟಿದಾಗ ಮಳೆ ಹಿಡಿದಿತ್ತು. ನಮ್ಮ ಊರಿನದು ಮುಖ ತೋರಿಸಿ ಹೋಗುವ ಮಳೆ, ಇದು ಕೂತು ಮಾತಾಡುವ ಮಳೆ. ನಾನು ಪಲ್ಲವಿಯ ಕಿಟಕಿಯಲ್ಲಿ ನಿಂತು ಕೈ ಹೊರಗೆ ಚಾಚಿದೆ. ಮರುದಿನ ಬೆಳಿಗ್ಗೆ ಹೊರಡುವುದಿತ್ತು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದೆ. ಬುತ್ತಿಯನ್ನು ಮೊದಲ ಸಲ ನನಗೋಸ್ಕರ ಕಟ್ಟಿಕೊಂಡಿದ್ದೆ. ಇಳಿಹೊತ್ತಿಗೆ ಇವರ ಫೋನು ಬಾರಿಸಿತು. ಭಾವನವರ ದನಿ ಖೋಲಿಯ ಈ ಮೂಲೆಗೂ ಕೇಳುತ್ತಿತ್ತು.

"ಬಸಣ್ಣ, ಚಾಂದವಡದಾಗ ಇದ್ದೀವಿ. ಉಳ್ಳಾಗಡ್ಡಿ ತೂಕ ಮಾಡಿಸ್ಲಾಕತ್ತೀವಿ, ಇಲ್ಲಿ ಛಲೋ ಅವ. ಪಲ್ಲವಿ ಮನಿ ಲೊಕೇಶನ್ ಹಾಕು."

ಇವರು ಹಾಕಿದರು. ನಾನು ನೋಡುತ್ತಿರುವಾಗಲೇ ಹಾಕಿದರು. ಆಮೇಲಿನ ಗಡಿಬಿಡಿಯನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಪಲ್ಲವಿ ಕೆಳಗೆ ಓಡಿ ಒಂದು ಕಪ್ಪು ಕನ್ನಡಕ, ಹತ್ತಿ, ಕಣ್ಣಿಗೆ ಹಾಕುವ ಯಾವುದೋ ತಂಪಿನ ಔಷಧ ತಂದಳು. ನಾನು ಚೀಲಗಳನ್ನು ಮಂಚದ ಕೆಳಗೆ ತಳ್ಳಿದೆ. ಇವರನ್ನು ಮಲಗಿಸಿ, ಒಂದು ಕಣ್ಣಿಗೆ ಹತ್ತಿ ಅಂಟಿಸಿ, ಕನ್ನಡಕ ಹಾಕಿ, ಕತ್ತಿನ ತನಕ ಹೊದಿಸಿದೆವು. ಮಲಗಿದ ಕೂಡಲೇ ಅವರ ಮುಖದ ಮೇಲೆ ನಿಜವಾದ ರೋಗಿಯ ಕಳೆ ಬಂತು. ಅದೊಂದು ಆಶ್ಚರ್ಯ.

ಬಂದರು. ಭಾವನವರು, ಅವರ ಹೆಂಡತಿ ನಮ್ಮ ನೆಗೆಣ್ಣಿ, ಅಕ್ಕ ಎಂದು ಕರೆಯುತ್ತೇನೆ, ಮತ್ತು ಗಾಡಿ ತುಂಬ ಬೀಗರು ಬಿಜ್ಜರು. ಬ್ರೆಡ್ಡು, ಬಿಸ್ಕೀಟು, ಒಂದು ಚೀಲ ಮೋಸಂಬಿ. ಮಂಚದ ಸುತ್ತ ನೆಲದ ಮೇಲೆ ಎಲ್ಲರೂ ಕೂತರು. ಒಬ್ಬರು ಕಾಲು ಒತ್ತಿದರು, ಒಬ್ಬರು ಹಣೆ ಮುಟ್ಟಿದರು. ಭಾವನವರು ಮಂಚದ ಮೇಲೆ ಕೂತು ತಾವೇ ಮೋಸಂಬಿ ಸುಲಿದು, ಬೀಜ ತೆಗೆದು, ತಮ್ಮನ ಬಾಯಿಗೆ ಒಂದೊಂದೇ ತೊಳೆ ಇಟ್ಟರು. "ಭಾಳ ಸಣ್ಣಾಗಿ ಬಿಟ್ಟಿ ನೋಡು" ಅಂದರು. ಇವರು ಮಗುವಿನಂತೆ ಮತ್ತೆ ಬಾಯಿ ತೆರೆದರು. ಅಕ್ಕ ಬಗ್ಗಿ ನೋಡಿ, "ಎಡಗಣ್ಣಂತ ಅಂದಿದ್ದ, ಹತ್ತಿ ಬಲಗಣ್ಣಿಗೆ ಅದಲ?" ಎಂದು ಕೇಳಿದಳು. "ಎರಡೂ ಮಾಡ್ಯಾರ್ರಿ ಅಕ್ಕಾ" ಅಂದೆ. "ಅಯ್ಯ ಶಿವನೆ" ಎಂದು ಅವಳು ಇನ್ನೊಂದು ತೊಳೆ ಬಾಯಿಗಿಟ್ಟಳು.

ನಾನು ಅಡುಗೆಮನೆಗೆ ಹೋದೆ. ಅಷ್ಟು ಜನಕ್ಕೆ ಬೇಯಿಸಬೇಕಲ್ಲ. ಅಕ್ಕ ಹಿಂದೆಯೇ ಬಂದು ಉಳ್ಳಾಗಡ್ಡಿ ಹೆಚ್ಚಲು ಕೂತಳು. ಅವಳದು ಒಳ್ಳೆಯ ಮನಸ್ಸು, ಬಾಯಿ ಮಾತ್ರ ನಿಲ್ಲುವುದಿಲ್ಲ. ಹೆಚ್ಚುತ್ತ ಹೆಚ್ಚುತ್ತ ಹೇಳಿದಳು: "ಗಾಡಿ ಆಷಾಢದಾಗೇ ಹೇಳಿಟ್ಟಿದ್ವಿ ನೋಡು. ಶ್ರಾವಣ ಸೋಮಾರ ತ್ರ್ಯಂಬಕ ಮಾಡಬೇಕಂತ ಹರಕಿ ಇತ್ತು. ನಿಮ್ಮ ಮನಿಯಾಗ ಇಳಿದು ಬರೋದಂತ ಇತ್ತು. ಅಷ್ಟ್ರಾಗ ಬಸಣ್ಣನ ಫೋನ್ ಬಂತು. ಛಲೋನೇ ಆತು ಬಿಡು, ನೀವು ನಾಸಿಕದಾಗೇ ಸಿಕ್ರಿ. ಒಂದ್ ಸುತ್ತು ಉಳೀತು."

ನನ್ನ ಕೈಯಲ್ಲಿ ರೊಟ್ಟಿ ಇತ್ತು. ಅದು ಹೆಂಚಿನ ಮೇಲೆ ಹೇಗೆ ಬಿತ್ತೋ ಗೊತ್ತಿಲ್ಲ, ಹರಿಯಿತು. ಆಪರೇಷನ್ ಎನ್ನದಿದ್ದರೂ ಬರುತ್ತಿದ್ದರು, ಎಂದರೂ ಬಂದರು. ನಾವು ಸುಳ್ಳು ಹೇಳಿ ನಾಸಿಕಕ್ಕೆ ಓಡಿ ಬಂದು ಅವರಿಗೆ ಇನ್ನೂ ಹತ್ತಿರದಲ್ಲಿ ಛತ್ರ ತೆರೆದಿದ್ದೆವು. ಹರಿದ ರೊಟ್ಟಿಯನ್ನು ನನ್ನ ಪಾಲಿಗೆ ಬದಿಗಿಟ್ಟೆ.

ಇಷ್ಟಾದರೂ ಮುಗಿಯಲಿಲ್ಲ. ಊಟದ ಹೊತ್ತಿಗೆ ಪಲ್ಲವಿಯ ಫೋನು ಬಾರಿಸಿತು. ಭಂಡಾರದರಾದ ಮನೆಯವನು. ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ, ಊಟಕ್ಕೆ ಏನು ಮಾಡಿಸಲಿ ಎಂದು ಮರಾಠಿಯಲ್ಲಿ ಕೇಳುತ್ತಿದ್ದಾನೆ. ನಮ್ಮ ಭಾಲ್ಕಿಯವರಿಗೆ ಮರಾಠಿ ಬಾರದೇ? ಎಲ್ಲರ ಕಿವಿ ನೆಟ್ಟಗಾಯಿತು. ಪಲ್ಲವಿ ಗಾಬರಿಯಾಗಿ, ನನ್ನ ಶಾಲೆಯ ಟೀಚರುಗಳದು ಟ್ರಿಪ್ಪು ಇತ್ತು, ಪಪ್ಪಾನ ಆಪರೇಷನ್ ಎಂದು ಕ್ಯಾನ್ಸಲ್ ಆಯಿತು ಅಂದಳು. ಭಾವನವರು ಕೈ ತೊಳೆಯುತ್ತ, "ಎಲ್ಲಿ ಅದು? ದೂರ ಏನು?" ಎಂದು ಕೇಳಿದರು.

ಮಂಚದ ಮೇಲಿನ ರೋಗಿ ಬಾಯಿ ತೆಗೆದರು. "ತ್ರ್ಯಂಬಕದಿಂದ ಘೋಟಿ ಮ್ಯಾಲ ಸೀದಾ ಅದಣ್ಣ. ಘೋಟಿಯಾಗ ಚಹಾ ಕುಡೀಬೇಕು. ಅಲ್ಲಿಂದ ಮುಂದ ಗಾಳಿನೇ ಬ್ಯಾರೆ."

ಅವರ ಬಾಯಿಗೆ ಹತ್ತಿ ಇಡಬೇಕಿತ್ತು ಎಂದು ನನಗೆ ಅನ್ನಿಸಿತು. ಅರ್ಧ ಗಂಟೆಯೊಳಗೆ ಎಲ್ಲ ನಿಶ್ಚಯವಾಯಿತು. ನಸುಕಿನಲ್ಲಿ ತ್ರ್ಯಂಬಕದ ದರ್ಶನ, ಅಲ್ಲಿಂದ ಭಂಡಾರದರಾ, ರಾತ್ರಿ ಅಲ್ಲೇ. ಬುಕ್ ಆಗಿದ್ದನ್ನು ಯಾಕೆ ಕೆಡಿಸುವುದು. ಹಾದಿ ತೋರಿಸಲು ಪಲ್ಲವಿ ಬೇಕು. ಬೆಳಿಗ್ಗೆ ನನ್ನ ಕೈಯಿಂದಲೇ ನನ್ನ ಬುತ್ತಿ ಇಸಿದುಕೊಂಡು ಅವರು ಕ್ರೂಜರ್ ಹತ್ತಿದರು. ಹಿಂದಿನ ಸೀಟಿನ ಮೇಲೆ ಚಾಂದವಡದ ಉಳ್ಳಾಗಡ್ಡಿ ಚೀಲ ಆರಾಮವಾಗಿ ಕೂತಿತ್ತು. ಮಳೆಯಲ್ಲಿ ನಿಂತು ನಾನು ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ: "ಅಕ್ಕಾ, ಆ ಚೀಲ ಮನಿಯಾಗ ಇಳಿಸಿದ್ರ ಒಬ್ಬರ ಜಾಗ ಆಗ್ತದ. ನಾನೂ ಬರ್ಲೇನು?"

ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ಬೈಗುಳ ಇರಲಿಲ್ಲ, ಬರೀ ಆಶ್ಚರ್ಯ ಇತ್ತು. "ನೀ ಬಂದ್ರ ಅವನ ಕಣ್ಣಿಗೆ ಔಷಧ ಯಾರ್ ಹಾಕೋರು?" ಅಂದಳು. ಆಮೇಲೆ ಸಮಾಧಾನ ಮಾಡುವವಳಂತೆ, "ನಿಮಗೇನು, ಇಲ್ಲೇ ಇರ್ತೀರಿ. ಅವಗ ಆರಾಮಾದ ಮ್ಯಾಲ ಯಾವಾಗರ ನೋಡಬಹುದು" ಎಂದು ಬಾಗಿಲು ಎಳೆದುಕೊಂಡಳು. ಪಲ್ಲವಿ ಮುಂದಿನ ಸೀಟಿನಿಂದ ನನ್ನ ಕಡೆ ನೋಡದೆ ನೆಟ್ಟಗೆ ಕೂತಿದ್ದಳು. ಗಾಡಿ ಹೋಯಿತು.

ಮೇಲೆ ಬಂದು ನಾನು ಅತ್ತೆ. ದುಃಖದ ಅಳುವಲ್ಲ, ಸಿಟ್ಟಿನ ಅಳು. ಇವರ ಮೇಲಿನ ಹೊದಿಕೆ ಎಳೆದು, "ಏಳ್ರಿ. ಯಾರೂ ಇಲ್ಲ ಈಗ. ಬಸ್ಸಿಗೆ ಹೋಗೋಣ. ಭಂಡಾರದರಾ ಬ್ಯಾಡ, ಇಗತಪುರಿಗೆ ಹೋಗೋಣ. ಒಂದ್ ನೀರ್ ತೋರಿಸ್ರಿ ನನಗ" ಅಂದೆ.

"ಹಾದಿಯಾಗ ಅವ್ರು ಎದುರಾದ್ರ?" ಅಂದರು.

"ಎದುರಾಗ್ಲಿ."

"ಛೇ. ಅಣ್ಣಗ ಹ್ಯಾಂಗ ಅನಸ್ತದ" ಎಂದು ಮತ್ತೆ ಮಲಗಿದರು. ಮೂವತ್ತು ವರ್ಷದಲ್ಲಿ ಒಂದು ಸಲವಾದರೂ ನನಗೆ ಹೇಗೆ ಅನ್ನಿಸುತ್ತದೆ ಎಂದು ಈ ಮನುಷ್ಯ ಕೇಳಿದ್ದಾರೆಯೇ ಎಂದು ನೆನಪು ಮಾಡಿಕೊಂಡೆ. ಸಿಗಲಿಲ್ಲ. ಹಾಗಂತ ಬಾಯಿಬಿಟ್ಟೂ ಅಂದೆ. ಅವರು ಹೊದಿಕೆಯನ್ನು ಮತ್ತೆ ಮೇಲೆಳೆದುಕೊಂಡರು.

ಮಧ್ಯಾಹ್ನ ದಾಟಿದ ಮೇಲೆ ವಿಡಿಯೋ ಕಾಲ್ ಬಂತು. ಅಕ್ಕನ ತೊಯ್ದ ಮುಖ, ಹಿಂದೆ ಏನೋ ಬೆಳ್ಳಗೆ. "ನೋಡ್ರಿ, ನೋಡ್ರಿ, ಹ್ಯಾಂಗ್ ಬೀಳ್ಲಾಕತ್ತದ. ಬಸಣ್ಣ, ನೀ ನೋಡಬ್ಯಾಡ, ಕಣ್ಣಿಗೆ ಜೋರ್ ಆಗ್ತದ. ತಂಗಿ, ನೀ ನೋಡು." ಯಾರೋ ಫೋನು ತಿರುಗಿಸಿದರು. ಭಾವನವರ ಹೆಬ್ಬೆಟ್ಟು, ಒಂದು ಕೊಡೆಯ ತುದಿ, ಅದರಾಚೆ ನೀರು. ಬಿದ್ದ ನೀರಿನ ಸದ್ದೋ ಗಾಳಿಯ ಸದ್ದೋ, ಭರ್ರೋ ಎನ್ನುತ್ತಿತ್ತು. ನಾನು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದೆ. ಅಷ್ಟರಲ್ಲಿ ಸಿಗ್ನಲ್ ಹೋಯಿತು. ನೀರು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ತ್ರ್ಯಂಬಕದಲ್ಲಿ ಚಪ್ಪಲಿ ಕಾಯುವಾಗ ಇದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಫೋನು ಕೆಳಗಿಟ್ಟೆ. ನಮ್ಮವರು ಎದ್ದು ಕೂತಿದ್ದರು. ಕಪ್ಪು ಕನ್ನಡಕ ತೆಗೆದಿದ್ದರು. ಕಣ್ಣು ಕೆಂಪಗಾಗಿ ಒದ್ದೆಯಾಗಿದ್ದವು. ಹೆಂಡತಿಯ ಗೋಳು ಕೊನೆಗೂ ಮುಟ್ಟಿತು ಎಂದುಕೊಂಡೆ.

"ಕೇಳಿಲ್ಲಿ," ಅಂದರು. "ಇಷ್ಟ ವರ್ಷ ಎಷ್ಟ ಮಂದಿ ನಮ್ಮ ಮನಿಗಿ ಬಂದ್ರು. ಎಲ್ಲಾರೂ ದೇವರ ಸಲುವಾಗಿ ಬಂದ್ರು. ನನಗೂ ತಿಳೀತದ, ನಾ ಏನ್ ಹುಚ್ಚ ಅಲ್ಲ. ಹೋಗ್ಲಿ ಬಿಡು, ಹಂಗರ ಬರ್ತಾರಲ ಅಂತ ಇರ್ತಿದ್ದೆ. ಇಲ್ಲಾಂದ್ರ ಈ ಪರ ಊರಾಗ ನಮ್ಮನ್ ಕೇಳೋರ್ ಯಾರು? ಈ ಸಲ ನೋಡು. ಅಣ್ಣ ಗಾಡಿ ಮಾಡ್ಕೊಂಡು, ಅಷ್ಟ ದೂರದಿಂದ, ನನ್ನ ಒಬ್ಬನ ಸಲುವಾಗಿ ಬಂದಾನ. ಕೈಯಾರ ಹಣ್ಣ ತಿನ್ನಿಸ್ಯಾನ. ಸುಳ್ಳ ಹೇಳಿ ಕೆಟ್ಟ ಮಾಡಿದ್ವಿ ಅನಸ್ಲಾಕತ್ತದ."

ಅಕ್ಕ ಉಳ್ಳಾಗಡ್ಡಿ ಹೆಚ್ಚುತ್ತ ಆಡಿದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಗಾಡಿ ಆಷಾಢದಲ್ಲೇ ಹೇಳಿಟ್ಟಿದ್ದರು, ನಿಮ್ಮ ಕಣ್ಣು ಇದ್ದರೂ ಬರುತ್ತಿದ್ದರು, ಹೋದರೂ ಬರುತ್ತಿದ್ದರು ಎಂದು ಒಂದೇ ಉಸಿರಿಗೆ ಹೇಳಿಬಿಡಬಹುದಿತ್ತು. ಹೇಳಿದ್ದರೆ ನನ್ನ ಹೊಟ್ಟೆಯ ಉರಿ ಆ ಕ್ಷಣಕ್ಕೆ ತಣ್ಣಗಾಗುತ್ತಿತ್ತು. ನನಗೆ ಅಷ್ಟು ಹಕ್ಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಭಾಲ್ಕಿಗೆ ಹೋದ ಮೇಲೂ ಅದೇ ಅಣ್ಣನ ಮನೆಯ ಪಕ್ಕದ ಖೋಲಿಯಲ್ಲಿ, ಅದೇ ಅಕ್ಕನ ಬಾಯಲ್ಲಿ ಭಂಡಾರದರಾದ ನೀರಿನ ವರ್ಣನೆ ಕೇಳುತ್ತ ನಾನು ಬದುಕಬೇಕು.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಅಲಾ? ನನ್ನ ಸಲುವಾಗೇ ಬಂದಾರಲ?" ಎಂದು ಮತ್ತೊಮ್ಮೆ ಕೇಳಿದರು.

"ಹೌದ್ರಿ," ಅಂದೆ. "ಮತ್ಯಾರ ಸಲುವಾಗಿ ಬರ್ತಾರ. ನಿಮ್ಮ ಸಲುವಾಗೇ ಬಂದಾರ."